ಚರಂಡಿ ಸಮಾಜವಾದ

ಅಮೆರಿಕದಲ್ಲಿ ಹೂಕುಂಡ, ಸನಿಕೆ, ಬೀಜ ಮಾರುವ ಅಂಗಡಿಗಳಲ್ಲಿ ಒಂದು ಗೊಬ್ಬರದ ಚೀಲ ಇವತ್ತಿಗೂ ಸಿಗುತ್ತದೆ. ಹೆಸರು ಮಿಲೋರ್ಗನೈಟ್. ಮನೆ ಮುಂದಿನ ಹುಲ್ಲಿಗೋ ಗಾಲ್ಫ್ ಮೈದಾನಕ್ಕೋ ಎರಚುವ ಕಂದು ಬಣ್ಣದ ಸಣ್ಣ ಕಾಳು. ಮಿಲ್ವಾಕಿ, ಆರ್ಗ್ಯಾನಿಕ್, ನೈಟ್ರೋಜನ್ ಎಂಬ ಮೂರು ಪದಗಳ ಚೂರುಗಳನ್ನು ಪೋಣಿಸಿ ಕಟ್ಟಿದ ಹೆಸರು ಅದು. ಮುಚ್ಚುಮರೆಯಿಲ್ಲದೆ ಹೇಳಬೇಕೆಂದರೆ, ಮಿಲ್ವಾಕಿ ಊರಿನವರ ಕಕ್ಕಸಿನ ನೀರನ್ನು ಸೂಕ್ಷ್ಮಜೀವಿಗಳಿಗೆ ತಿನ್ನಿಸಿ, ತಳದಲ್ಲಿ ಉಳಿದ ಕೆಸರನ್ನು ಬಿಸಿಗಾಳಿಯಲ್ಲಿ ಒಣಗಿಸಿ ಚೀಲಕ್ಕೆ ತುಂಬಿದ್ದು. 1926ರಿಂದ ಇದು ಮಾರಾಟದಲ್ಲಿದೆ. ಊರಿನ ಹೊಲಸನ್ನು ಮಾರಿ ಕಾಸು ಮಾಡುವ ಈ ಉಪಾಯ ಹೊಳೆದದ್ದು ಯಾವ ಸೇಠನಿಗೂ ಅಲ್ಲ, ನಗರದ ಒಳಚರಂಡಿ ಮಂಡಳಿಗೆ. ಆಗ ಆ ನಗರದ ಮೇಯರ್ ಕುರ್ಚಿಯಲ್ಲಿ ಕೂತಿದ್ದವನು ಸಮಾಜವಾದಿ ಪಕ್ಷದವನು.

ಅಮೆರಿಕದಲ್ಲಿ ಸಮಾಜವಾದವೇ ಎಂದು ಹುಬ್ಬೇರಿಸುವುದು ಸಹಜ. ಅಲ್ಲಿ ಆ ಪದ ಬಹುಕಾಲ ಬೈಗುಳವಾಗಿಯೇ ಬಳಕೆಯಲ್ಲಿತ್ತು. ಆದರೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಕಥೆ ಬೇರೆ. ಮ್ಯಾಸಚೂಸೆಟ್ಸಿನ ಹೇವರಿಲ್ ಎಂಬ ಚಪ್ಪಲಿ ಕಾರ್ಖಾನೆಗಳ ಊರು 1898ರಲ್ಲೇ ಜಾನ್ ಚೇಸ್ ಎಂಬ ಕಾರ್ಮಿಕನನ್ನು ಮೇಯರ್ ಮಾಡಿತ್ತು. ದೇಶದ ಮೊದಲ ಸಮಾಜವಾದಿ ಮೇಯರ್ ಅವನು. 1911ರ ಚುನಾವಣೆಗಳಲ್ಲಂತೂ ಹತ್ತಾರು ಊರುಗಳು ಒಮ್ಮೆಲೇ ಕೆಂಪಾದವು. ಮೊಂಟಾನಾದ ತಾಮ್ರದ ಗಣಿಯೂರು ಬ್ಯೂಟ್, ಕ್ಯಾಲಿಫೋರ್ನಿಯಾದ ವಿದ್ಯಾನಗರ ಬರ್ಕ್ಲಿ, ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ. ಮೊದಲೆರಡು ಊರುಗಳಲ್ಲಿ ಗೆದ್ದವರು ಚರ್ಚಿನ ಉಪದೇಶ ಮಾಡಿ ಬಂದವರು, ಮೂರನೆಯದರಲ್ಲೂ ಪಾದ್ರಿಯೇ. ಧರ್ಮಪೀಠ ಬಿಟ್ಟು ಪಾಲಿಕೆಗೆ ಬಂದ ಈ ಪಾದ್ರಿಗಳ ಬಗ್ಗೆಯೇ ಒಂದು ಪುಸ್ತಕ ಬರೆಯಬಹುದು.

ಇವುಗಳಲ್ಲಿ ಬಹುಪಾಲು ಮಿಂಚಿ ಮರೆಯಾದವು. ನಿಂತದ್ದು ಮಿಲ್ವಾಕಿ ಒಂದೇ. ಮೂವರು ಮೇಯರ್‌ಗಳು, ಒಟ್ಟು ಲೆಕ್ಕ ಹಾಕಿದರೆ ಮೂವತ್ತೆಂಟು ವರ್ಷ.

ಮಿಶಿಗನ್ ಸರೋವರದ ದಂಡೆಯ ಈ ಊರಿನಲ್ಲಿ ಮೂರು ಹೊಳೆಗಳು ಕೂಡುತ್ತವೆ. ಬಿಯರ್ ತಯಾರಿಕೆ, ಚರ್ಮ ಹದ ಮಾಡುವುದು, ಕಬ್ಬಿಣದ ಎರಕ, ಹೀಗೆ ನೀರು ಕುಡಿದು ಕೊಳೆ ಉಗುಳುವ ಉದ್ಯಮಗಳೇ ಅಲ್ಲಿ ಹೆಚ್ಚು. ಹೊಳೆ ಎಷ್ಟು ನಾರುತ್ತಿತ್ತೆಂದರೆ 1888ರಲ್ಲಿ ಸರೋವರದಿಂದ ಸುರಂಗ ತೋಡಿ, ಪಂಪು ಹಚ್ಚಿ, ಒಳ್ಳೆಯ ನೀರು ನುಗ್ಗಿಸಿ ಹೊಳೆಯನ್ನೇ ತೊಳೆಯುವ ವ್ಯವಸ್ಥೆ ಮಾಡಿದ್ದರು. ತೊಳೆದ ಕೊಳೆ ಹೋಗುತ್ತಿದ್ದುದು ಮತ್ತೆ ಅದೇ ಸರೋವರಕ್ಕೆ. ಊರು ಕುಡಿಯುತ್ತಿದ್ದುದೂ ಅದೇ ಸರೋವರದ ನೀರನ್ನು!

ಇದರ ಜೊತೆಗೆ ಡೇವಿಡ್ ರೋಸ್ ಎಂಬ ಮೇಯರನ ಕಾಲದ ಲಂಚ. ಗುತ್ತಿಗೆಗೊಂದು ದರ, ಪರವಾನಗಿಗೊಂದು ದರ. ಜೂಜುಕಟ್ಟೆ, ವೇಶ್ಯಾಗೃಹಗಳಿಗೆ ಕಣ್ಣುಮುಚ್ಚಿದ ರಕ್ಷಣೆ. ವಿಚಾರಣಾ ಮಂಡಳಿಗಳು ಕೂತು ಸಾಲುಸಾಲಾಗಿ ಆರೋಪ ಹೊರಿಸಿದವು. ಎರಡು ದೊಡ್ಡ ಪಕ್ಷಗಳ ಕೈಗೂ ಮಸಿ ಹತ್ತಿತ್ತು. ಮಸಿ ಹತ್ತದೆ ಉಳಿದವರು ಅಧಿಕಾರವನ್ನೇ ಕಾಣದ ಸಮಾಜವಾದಿಗಳು ಮಾತ್ರ. ಜನ ಮಾರ್ಕ್ಸ್‌ನನ್ನು ಓದಿ ವೋಟು ಹಾಕಿದರು ಎಂದುಕೊಳ್ಳುವುದು ಬೇಡ. ಕಳ್ಳರಲ್ಲದವರು ಯಾರಿದ್ದಾರೆ ಎಂದು ಹುಡುಕಿ ಹಾಕಿದರು.

ಹಾಗೆಂದು ಅದು ಬರೀ ಅದೃಷ್ಟವೂ ಅಲ್ಲ. ಮಿಲ್ವಾಕಿ ಜರ್ಮನ್ ವಲಸಿಗರ ಊರು. 1848ರ ಕ್ರಾಂತಿ ಸೋತು ಬಂದವರ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದರು. ಅವರ ನಡುವೆ ವಿಕ್ಟರ್ ಬರ್ಗರ್ ಎಂಬ ಮೇಷ್ಟ್ರು ಪಾಠ ಬಿಟ್ಟು ಪತ್ರಿಕೆ ಹಿಡಿದ. ರೈಲ್ವೆ ಮುಷ್ಕರದ ಸಂಬಂಧ 1895ರಲ್ಲಿ ಜೈಲಿನಲ್ಲಿದ್ದ ಯೂಜೀನ್ ಡೆಬ್ಸ್‌ಗೆ ಮಾರ್ಕ್ಸ್‌ನ ‘ಬಂಡವಾಳ’ವನ್ನು ತಂದುಕೊಟ್ಟವನು ಇದೇ ಬರ್ಗರ್. ಮುಂದೆ ಐದು ಬಾರಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ ಡೆಬ್ಸ್ ಮಾತಿನಲ್ಲಿ ಬೆಂಕಿ. ಬರ್ಗರ್ ಲೆಕ್ಕದ ಮನುಷ್ಯ. ಕಾರ್ಮಿಕ ಸಂಘಗಳನ್ನೂ ಪಕ್ಷವನ್ನೂ ಎರಡು ಕೈಗಳ ಹಾಗೆ ಬೆಸೆದ. ಚುನಾವಣೆ ಬಂದರೆ ಭಾನುವಾರ ಬೆಳಗಿನ ಜಾವ ಕಾರ್ಯಕರ್ತರು ಕರಪತ್ರದ ಕಟ್ಟು ಹೊತ್ತು ಬೀದಿಗಿಳಿಯುತ್ತಿದ್ದರು. ಯಾವ ಮನೆಯಲ್ಲಿ ಜರ್ಮನ್, ಯಾವ ಮನೆಯಲ್ಲಿ ಪೋಲಿಷ್, ಯಾವ ಮನೆಯಲ್ಲಿ ಇಂಗ್ಲಿಷ್ ಎಂದು ಅವರಿಗೆ ಗೊತ್ತಿತ್ತು. ಆಯಾ ಮನೆಗೆ ಆಯಾ ಭಾಷೆಯ ಹಾಳೆ. ಗೆಲುವಿನ ಅರ್ಧ ಗುಟ್ಟು ಇಲ್ಲೇ ಇದೆ ಅನ್ನಿಸುತ್ತದೆ ನನಗೆ.

1910ರ ವಸಂತದಲ್ಲಿ ಎಮಿಲ್ ಸೈಡಲ್ ಮೇಯರ್ ಆದ. ಅಮೆರಿಕದ ದೊಡ್ಡ ನಗರವೊಂದಕ್ಕೆ ಮೊದಲ ಸಮಾಜವಾದಿ ಮೇಯರ್. ವೃತ್ತಿಯಿಂದ ಮರದ ಕೆತ್ತನೆಗಾರ, ಬರ್ಲಿನ್ನಿನಲ್ಲಿ ವರ್ಷಗಟ್ಟಲೆ ಇದ್ದು ಕಸುಬು ಕಲಿತು ಬಂದವನು. ಅವನ ಆಪ್ತ ಕಾರ್ಯದರ್ಶಿಯಾಗಿ ಬಂದದ್ದು ಕಾರ್ಲ್ ಸ್ಯಾಂಡ್‌ಬರ್ಗ್, ಮುಂದೆ ಅಮೆರಿಕ ಮೆಚ್ಚಿದ ಕವಿ. ಮೇಯರರಿಗೆ ಬಂದ ದೂರಿನ ಕಾಗದಗಳಿಗೆ ಕವಿ ಉತ್ತರ ಬರೆಯುತ್ತಿದ್ದ ಪಾಲಿಕೆ ಎಂದರೆ ಕೇಳಲೇ ಸೊಗಸು. ಸೈಡಲ್ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಲೆಕ್ಕಪತ್ರದ ತಪಾಸಣೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಕಾಮನ್ಸ್‌ನನ್ನು ಕರೆಸಿ, ಪಾಲಿಕೆಯ ದುಡ್ಡು ಎಲ್ಲಿ ಸೋರುತ್ತದೆ ನೋಡಿ ಎಂದ. ಕ್ರಾಂತಿಯ ಮೊದಲ ಹೆಜ್ಜೆ ಆಡಿಟ್!

ಆಳಿದ್ದು ಎರಡೇ ವರ್ಷ. ಬಡಿದಾಡಿಕೊಂಡಿದ್ದ ರಿಪಬ್ಲಿಕನ್ನರೂ ಡೆಮಾಕ್ರಾಟರೂ 1912ರಲ್ಲಿ ಕೈಜೋಡಿಸಿ ಒಬ್ಬನೇ ಅಭ್ಯರ್ಥಿಯನ್ನು ನಿಲ್ಲಿಸಿ ಸೈಡಲ್‌ನನ್ನು ಸೋಲಿಸಿದರು. ಅಷ್ಟಕ್ಕೇ ಬಿಡಲಿಲ್ಲ. ನಗರದ ಚುನಾವಣೆಯಲ್ಲಿ ಮತಪತ್ರದ ಮೇಲೆ ಪಕ್ಷದ ಹೆಸರೇ ಇರಕೂಡದು ಎಂದು ರಾಜ್ಯದ ಶಾಸನಸಭೆಯಲ್ಲಿ ಕಾನೂನು ಮಾಡಿಸಿದರು. ಸೋತ ಸೈಡಲ್ ಅದೇ ವರ್ಷ ಡೆಬ್ಸ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತ. ಇಬ್ಬರಿಗೂ ಸೇರಿ ಬಿದ್ದ ಮತ ಸುಮಾರು 9 ಲಕ್ಷ, ನೂರಕ್ಕೆ ಆರು. ಆ ಪಕ್ಷ ಮತ್ತೆಂದೂ ಅಷ್ಟು ಪಾಲು ಪಡೆಯಲಿಲ್ಲ.

ಪಕ್ಷದ ಹೆಸರು ಅಳಿಸಿದರೆ ಸಮಾಜವಾದಿಗಳು ಅಳಿದುಹೋಗುತ್ತಾರೆ ಎಂಬ ಲೆಕ್ಕ ತಪ್ಪಿತು. 1916ರಲ್ಲಿ ಡ್ಯಾನಿಯಲ್ ಹೋನ್ ಗೆದ್ದ, 1940ರವರೆಗೆ ಕುರ್ಚಿ ಬಿಡಲಿಲ್ಲ. ಹುಡುಗನಾಗಿದ್ದಾಗಲೇ ಶಾಲೆ ಬಿಟ್ಟು ಅಡುಗೆಯವನಾಗಿ ದುಡಿದು, ಆಮೇಲೆ ಕಾನೂನು ಓದಿ ನಗರದ ವಕೀಲನಾದವನು. ಸೈಡಲ್‌ಗಿಂತ ಮೊಂಡ, ಬರ್ಗರ್‌ಗಿಂತ ಜನರಿಗೆ ಹತ್ತಿರ.

ಅವನು ಅಧಿಕಾರಕ್ಕೆ ಬಂದ ಮರುವರ್ಷವೇ ಅಮೆರಿಕ ಮಹಾಯುದ್ಧಕ್ಕಿಳಿಯಿತು. ಸಮಾಜವಾದಿ ಪಕ್ಷ ಯುದ್ಧವನ್ನು ವಿರೋಧಿಸಿತು. ಜರ್ಮನ್ನರ ಊರು, ಯುದ್ಧವಿರೋಧಿ ಪಕ್ಷ. ದೇಶದ್ರೋಹದ ಹಣೆಪಟ್ಟಿ ಹಚ್ಚಲು ಇನ್ನೇನು ಬೇಕು? ಬರ್ಗರನ ಪತ್ರಿಕೆಗೆ ಅಂಚೆಯ ರಿಯಾಯತಿ ಕಿತ್ತುಕೊಂಡರು. 1918ರಲ್ಲಿ ಅವನು ಸಂಸತ್ತಿಗೆ ಆರಿಸಿ ಬಂದರೂ ಸಭೆ ಒಳಗೆ ಬಿಟ್ಟುಕೊಳ್ಳಲಿಲ್ಲ. ನ್ಯಾಯಾಲಯ 20 ವರ್ಷ ಜೈಲು ವಿಧಿಸಿತು. ಮರುಚುನಾವಣೆ ಮಾಡಿದರೆ ಮಿಲ್ವಾಕಿಯ ಜನ ಮತ್ತೆ ಅವನನ್ನೇ ಕಳಿಸಿದರು. ಸಭೆ ಮತ್ತೆ ಬಾಗಿಲು ಹಾಕಿತು. 1921ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆ ರದ್ದು ಮಾಡಿದ ಮೇಲೆ ಮೂರು ಸಲ ಗೆದ್ದು ಒಳಗೆ ಕೂತ. ಹೋನ್ ಈ ಬಿರುಗಾಳಿಯಲ್ಲಿ ಹಗ್ಗದ ಮೇಲೆ ನಡೆದ. ಪಕ್ಷವನ್ನು ಬಿಡಲಿಲ್ಲ, ನಗರದ ಯುದ್ಧಕಾಲದ ವ್ಯವಸ್ಥೆಯನ್ನೂ ನಡೆಸಿದ. ಹೇಡಿತನವೋ ಜಾಣತನವೋ ಎಂದು ಆಗಲೇ ಜಗಳವಿತ್ತು. ಕುರ್ಚಿಯಲ್ಲಿ ಕೂತವನಿಗೆ ನಲ್ಲಿಯಲ್ಲಿ ನೀರು ಬರಿಸುವ ಕೆಲಸವೂ ಇರುತ್ತದೆ ಎಂಬುದನ್ನು ಮರೆತು ತೀರ್ಪು ಕೊಡುವುದು ಸುಲಭ.

1918ರ ಇನ್‌ಫ್ಲುಯೆಂಜಾ ಬಂದಾಗ ಶಾಲೆ, ಚರ್ಚು, ಚಿತ್ರಮಂದಿರಗಳನ್ನು ಮುಚ್ಚಿಸಿ, ಮುನ್ನೆಚ್ಚರಿಕೆಯನ್ನು ಹಲವು ಭಾಷೆಗಳಲ್ಲಿ ಮನೆಮನೆಗೆ ಮುಟ್ಟಿಸಿದ ಈ ನಗರದಲ್ಲಿ ಸಾವಿನ ಪ್ರಮಾಣ ಅಮೆರಿಕದ ಬಹುಪಾಲು ದೊಡ್ಡ ನಗರಗಳಿಗಿಂತ ಕಡಿಮೆಯಿತ್ತು. ಯುದ್ಧ ಮುಗಿದು ಬೆಲೆ ಏರಿದಾಗ ಸೇನೆಯ ಉಳಿಕೆ ದಿನಸಿ, ಬಟ್ಟೆಯನ್ನು ಪಾಲಿಕೆಯೇ ತರಿಸಿ ಅಸಲು ಬೆಲೆಗೆ ಮಾರಿತು. 1920ರ ದಶಕದ ಆರಂಭದಲ್ಲಿ ನಗರದ ಬಂಡವಾಳ ಹಾಕಿ ಸಹಕಾರಿ ಪದ್ಧತಿಯಲ್ಲಿ ಗಾರ್ಡನ್ ಹೋಮ್ಸ್ ಎಂಬ 105 ಮನೆಗಳ ಬಡಾವಣೆ ಕಟ್ಟಿಸಿದರು. ದೇಶದಲ್ಲೇ ಅಂಥದು ಮೊದಲು. ತಮಾಷೆಯೆಂದರೆ ಕೆಲವೇ ವರ್ಷಗಳಲ್ಲಿ ಅಲ್ಲಿ ವಾಸವಿದ್ದವರೇ, ಸಹಕಾರ ಸಾಕು, ಮನೆ ನಮ್ಮ ನಮ್ಮ ಹೆಸರಿಗೆ ಮಾಡಿಕೊಡಿ ಎಂದರು. ಹಾಗೇ ಆಯಿತು.

ಒಳಚರಂಡಿಯ ವಿಷಯದಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಒಳಚರಂಡಿ ಮಂಡಳಿ ಸ್ಥಾಪನೆಯಾದದ್ದು 1913ರಲ್ಲಿ, ಅಂದರೆ ಸೈಡಲ್ ಸೋತು ವಿರೋಧಿಗಳು ಆಳುತ್ತಿದ್ದಾಗ. ಆದ್ದರಿಂದ ಪೂರ್ತಿ ಯಶಸ್ಸನ್ನು ಸಮಾಜವಾದಿಗಳ ಖಾತೆಗೆ ಬರೆಯಲಾಗದು. ಚಾಕ್ಲಿ ಹ್ಯಾಟನ್ ಎಂಬ ಎಂಜಿನಿಯರ್ ಇಂಗ್ಲೆಂಡಿನಲ್ಲಿ ಹೊಸದಾಗಿ ಪ್ರಯೋಗವಾಗಿದ್ದ ವಿಧಾನವನ್ನು ಹಿಡಿದ. ಕೊಳಚೆ ನೀರಿಗೆ ಗಾಳಿ ಊದಿ ಸೂಕ್ಷ್ಮಜೀವಿಗಳನ್ನು ಬೆಳೆಸುವುದು, ಅವು ಹೊಲಸನ್ನು ತಿಂದು ತಳಕ್ಕೆ ಇಳಿಯುವುದು, ಮೇಲಿನ ತಿಳಿನೀರನ್ನು ಸರೋವರಕ್ಕೆ ಬಿಡುವುದು. ವರ್ಷಗಟ್ಟಲೆ ಪರೀಕ್ಷೆ ಮಾಡಿ, ಬಂದರಿನ ಪಕ್ಕ ಜೋನ್ಸ್ ಐಲೆಂಡ್ ಎಂಬಲ್ಲಿ ಕಟ್ಟಿದ ಸ್ಥಾವರ 1920ರ ದಶಕದ ನಡುವೆ ಕೆಲಸ ಶುರುಮಾಡಿತು. ಈ ವಿಧಾನದಲ್ಲಿ ಇಷ್ಟು ದೊಡ್ಡ ಸ್ಥಾವರ ಅಮೆರಿಕದಲ್ಲಿ ಇನ್ನೊಂದಿರಲಿಲ್ಲ. ಉಳಿದ ಕೆಸರನ್ನು ಏನು ಮಾಡುವುದು ಎಂಬ ತಲೆನೋವಿಗೆ ಸಿಕ್ಕ ಉತ್ತರವೇ ಆ ಗೊಬ್ಬರದ ಚೀಲ. ಮೇಯರನ ಪಾಲು ಏನು ಎಂದರೆ ಎಂಜಿನಿಯರನ ಕೆಲಸಕ್ಕೆ ಕೈಹಾಕಲಿಲ್ಲ, ಗುತ್ತಿಗೆದಾರನಿಂದ ಕಮಿಷನ್ ಕೇಳಲಿಲ್ಲ. ಸಣ್ಣ ಪಾಲು ಎನ್ನಬಹುದು. ಇದಕ್ಕೆ ಬೆಲೆ ಎಷ್ಟೆಂದು ಪಾಲಿಕೆ ಕಟ್ಟಡದ ಕಂಬ ಸುತ್ತಿದವರಿಗೆ ಗೊತ್ತು.

ಇನ್ನೊಂದು ವಿಚಿತ್ರ ಕೇಳಿ. ಈ ಕೆಂಪು ಬಾವುಟದ ಮೇಯರ್‌ಗೆ ಸಾಲ ಕಂಡರೆ ಆಗುತ್ತಿರಲಿಲ್ಲ. ನಗರ ಸಾಲಪತ್ರ ಮಾರಿದರೆ ಬಡ್ಡಿ ಹೋಗುವುದು ಬ್ಯಾಂಕಿನವರ ಜೇಬಿಗೆ, ಆ ಬಡ್ಡಿ ಬರುವುದು ಕಾರ್ಮಿಕ ಕಟ್ಟಿದ ಕಂದಾಯದಿಂದ. ಆದ್ದರಿಂದ ಸಾಲ ತೀರಿಸುವುದೂ ಸಮಾಜವಾದವೇ ಎಂಬುದು ಹೋನ್ ವಾದ. 1923ರಲ್ಲಿ ಸಾಲ ತೀರಿಸಲೆಂದೇ ಒಂದು ನಿಧಿ ಮಾಡಿಟ್ಟ. 1940ರ ದಶಕದ ಮೊದಲಲ್ಲಿ ಮಿಲ್ವಾಕಿ ಋಣಮುಕ್ತ ನಗರವಾಯಿತು. 1936ರಲ್ಲಿ ಟೈಮ್ ಪತ್ರಿಕೆ ಅವನನ್ನು ಮುಖಪುಟದಲ್ಲಿ ಅಚ್ಚು ಹಾಕಿತು.

ಅಪಹಾಸ್ಯ ಬಂದದ್ದು ಶತ್ರುಗಳಿಂದ ಅಲ್ಲ, ಸ್ವಂತ ಮನೆಯಿಂದ. 1932ರಲ್ಲಿ ಪಕ್ಷದ ರಾಷ್ಟ್ರೀಯ ಅಧಿವೇಶನ ಮಿಲ್ವಾಕಿಯಲ್ಲೇ ಸೇರಿತು. ಅಧ್ಯಕ್ಷತೆಗೆ ಹೋನ್‌ಗೂ ನ್ಯೂಯಾರ್ಕಿನ ವಕೀಲ ಮಾರಿಸ್ ಹಿಲ್‌ಕ್ವಿಟ್‌ಗೂ ಪೈಪೋಟಿ. ಇವರದು ಚರಂಡಿ ಸಮಾಜವಾದ ಎಂದು ಹಿಲ್‌ಕ್ವಿಟ್ ಕುಟುಕಿದ ಎಂಬುದು ಪ್ರತೀತಿ. ವರ್ಗಹೋರಾಟ, ಉತ್ಪಾದನಾ ಸಾಧನ, ಕ್ರಾಂತಿ ಎಂಬ ಮಾತೆತ್ತದೆ ಮೋರಿ, ಪಾರ್ಕು, ಕೊಳವೆ ಎಂದು ಕೊಚ್ಚಿಕೊಳ್ಳುವವರು! ಅಧಿವೇಶನದಲ್ಲಿ ಗೆದ್ದದ್ದೂ ಹಿಲ್‌ಕ್ವಿಟ್. ಸೈಡಲ್ ತನ್ನ ನೆನಪುಗಳಲ್ಲಿ ಈ ಮಾತಿಗೆ ಉತ್ತರ ಕೊಟ್ಟ. ಕೆಲಸಗಾರರ ಮನೆಗೆ ಚರಂಡಿ ಬೇಕೆಂದದ್ದು ನಿಜ, ಅದಕ್ಕಿಂತ ಎಷ್ಟೋ ಹೆಚ್ಚಿನದು ಬೇಕೆಂದದ್ದೂ ನಿಜ ಎನ್ನುವುದು ಅದರ ಸಾರ.

ಹಿಲ್‌ಕ್ವಿಟ್‌ನ ಕುಟುಕು ಹೊಸದೇನಲ್ಲ. ಇಪ್ಪತ್ತು ವರ್ಷ ಹಿಂದೆ ಸ್ಕೆನೆಕ್ಟಡಿಯಲ್ಲಿ ಇದೇ ಜಗಳ ನಡೆದಿತ್ತು. ಅಲ್ಲಿನ ಪಾದ್ರಿ-ಮೇಯರ್ ಜಾರ್ಜ್ ಲನ್‌ಗೆ ಕಾರ್ಯದರ್ಶಿಯಾಗಿ ಹಾರ್ವರ್ಡಿನಿಂದ ಬಂದವನು ವಾಲ್ಟರ್ ಲಿಪ್‌ಮನ್, ವಯಸ್ಸು 22. ಮುಂದೆ ಅಮೆರಿಕದ ಅತಿ ಪ್ರಭಾವಿ ಅಂಕಣಕಾರನಾದವನು ಅವನೇ. ನಾಲ್ಕು ತಿಂಗಳಲ್ಲಿ ಬೇಸತ್ತು ಹೊರನಡೆದು, ಇದನ್ನೆಲ್ಲ ಯಾವ ಸುಧಾರಕನಾದರೂ ಮಾಡಿಯಾನು, ಇದರಲ್ಲಿ ಸಮಾಜವಾದ ಎಲ್ಲಿದೆ ಎಂದು ಟೀಕಿಸಿದ. ಅದೇ ಪಾಲಿಕೆಯಲ್ಲಿ ಶಿಕ್ಷಣ ಮಂಡಳಿಯ ಅಧ್ಯಕ್ಷನಾಗಿ ಕೂತು ಶಾಲೆ ಕಟ್ಟಿಸುತ್ತಿದ್ದವನು ಚಾರ್ಲ್ಸ್ ಸ್ಟೈನ್‌ಮೆಟ್ಜ್. ಜನರಲ್ ಎಲೆಕ್ಟ್ರಿಕ್ ಕಂಪನಿಯ ಮಹಾ ವಿಜ್ಞಾನಿ, ಸಮಾಜವಾದದ ಕಾರಣಕ್ಕೇ ಜರ್ಮನಿ ಬಿಟ್ಟು ಓಡಿಬಂದ ಗೂನುಬೆನ್ನಿನ ಮನುಷ್ಯ. ತರುಣನಿಗೆ ಬೇಸರ ಬಂದಲ್ಲಿ ಈ ಹಿರಿಯನಿಗೆ ಬರಲಿಲ್ಲ. ಲನ್ ಪಾಲಿಕೆಯಿಂದಲೇ ಐಸು, ಕಲ್ಲಿದ್ದಲು, ದಿನಸಿ ಅಗ್ಗವಾಗಿ ಮಾರಿಸಲು ಹೊರಟ. ರೆಫ್ರಿಜರೇಟರ್ ಇಲ್ಲದ ಕಾಲ, ಬೇಸಿಗೆಯಲ್ಲಿ ಐಸಿಲ್ಲದಿದ್ದರೆ ಮಗುವಿನ ಹಾಲು ಒಡೆಯುತ್ತಿತ್ತು. ವ್ಯಾಪಾರಿಗಳು ಕೋರ್ಟಿಗೆ ಹೋದರು. ಐಸು ಮಾರುವ ಅಧಿಕಾರ ನಗರಕ್ಕಿಲ್ಲ ಎಂದಿತು ನ್ಯಾಯಾಲಯ.

ಲಿಪ್‌ಮನ್ ಕಾಣದೆಹೋದದ್ದು ಇದನ್ನೇ. ಅಮೆರಿಕದ ನಗರ ಸ್ವತಂತ್ರ ಜೀವಿಯಲ್ಲ, ರಾಜ್ಯದ ಶಾಸನಸಭೆಯ ಕೂಸು. ಯಾವ ತೆರಿಗೆ ಹಾಕಬಹುದು, ಏನು ಮಾರಬಹುದು, ಎಷ್ಟು ಸಾಲ ಎತ್ತಬಹುದು, ಎಲ್ಲಕ್ಕೂ ಮೇಲಿನವರ ಅಪ್ಪಣೆ ಬೇಕು. ಹೋನ್ ಟ್ರಾಮ್ ಮತ್ತು ವಿದ್ಯುತ್ ಕಂಪನಿಯನ್ನು ನಗರದ ಕೈಗೆ ತರಬೇಕೆಂದು ಜೀವನವಿಡೀ ಹೊಡೆದಾಡಿದ, ಆಗಲಿಲ್ಲ. ಕೈಗೆ ಸಿಕ್ಕ ಅಧಿಕಾರದಲ್ಲಿ ಮಾಡಬಹುದಾಗಿದ್ದು ಚರಂಡಿ. ಅದನ್ನು ಚೆನ್ನಾಗಿ ಮಾಡಿದ. ಕೈಗೆ ಸಿಗದ್ದನ್ನು ಮಾಡಲಿಲ್ಲ ಎಂದು ಬೈಯುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಆದರೆ ಮಿತವ್ಯಯವೇ ಸಿದ್ಧಾಂತವಾಗಿಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಕನೆಟಿಕಟ್‌ನ ಬ್ರಿಜ್‌ಪೋರ್ಟಿನಲ್ಲಿ ಮನೆ ಸೂರು ಹೊದಿಸುವ ಕೆಲಸದ ಜಾಸ್ಪರ್ ಮೆಕ್‌ಲೀವಿ ಮತ್ತೆ ಮತ್ತೆ ನಿಂತು ಸೋತು, ಸೇತುವೆ ಹಗರಣವೊಂದರಿಂದ ಜನ ರೊಚ್ಚಿಗೆದ್ದಾಗ 1933ರಲ್ಲಿ ಗೆದ್ದ. 1957ರವರೆಗೆ ಆಳಿದ. ಕಾಸಿಗೆ ಕಾಸು ಎಣಿಸುವವನು. ಹಿಮ ಬಿದ್ದು ರಸ್ತೆ ಮುಚ್ಚಿದರೆ, ಹಾಕಿದ ದೇವರೇ ತೆಗೆಯಲಿ ಎಂದನಂತೆ. ಅವನು ಅಂದದ್ದೋ ಅವನ ಇಲಾಖೆಯವನು ಅಂದದ್ದೋ, ಊರು ಮಾತ್ರ ಅವನ ತಲೆಗೇ ಕಟ್ಟಿತು. ಕೊನೆಕೊನೆಗೆ ಅವನಿಗೂ ಜಿಪುಣ ರಿಪಬ್ಲಿಕನ್‌ಗೂ ವ್ಯತ್ಯಾಸ ಹುಡುಕಲು ಭೂತಗನ್ನಡಿ ಬೇಕಿತ್ತು.

ಮಿಲ್ವಾಕಿಯಲ್ಲಿ 1940ರಲ್ಲಿ ಹೋನ್‌ನನ್ನು ಸೋಲಿಸಿದವನು ಕಾರ್ಲ್ ಝೈಡ್ಲರ್, ಸಭೆಗಳಲ್ಲಿ ಹಾಡಿ ಮನಸ್ಸು ಗೆಲ್ಲುತ್ತಿದ್ದ ಸುಂದರ ತರುಣ, ಸಮಾಜವಾದಿಯಲ್ಲ. ಎರಡು ವರ್ಷಕ್ಕೆ ನೌಕಾಪಡೆ ಸೇರಿ ಹಡಗಿನೊಂದಿಗೆ ಮುಳುಗಿಹೋದ. 1948ರಲ್ಲಿ ಅವನ ತಮ್ಮ ಫ್ರಾಂಕ್ ಝೈಡ್ಲರ್ ಮೇಯರಾದ. ಈತ ಅಪ್ಪಟ ಸಮಾಜವಾದಿ, ಅಳತೆ ಪಟ್ಟಿ ಹಿಡಿದು ಭೂಮಾಪನ ಮಾಡುತ್ತಿದ್ದವನು. ಕಮ್ಯುನಿಸ್ಟರ ಬೇಟೆಯ ಆ ಕಾಲದಲ್ಲಿ ಸಮಾಜವಾದಿ ಎಂಬ ಹೆಸರಿಟ್ಟುಕೊಂಡೇ ಮೂರು ಸಲ ಗೆದ್ದ. ಅದೂ ಆ ಬೇಟೆಯ ಮುಂದಾಳು ಜೋಸೆಫ್ ಮೆಕಾರ್ಥಿಯ ಸ್ವಂತ ರಾಜ್ಯದಲ್ಲಿ!

ಝೈಡ್ಲರ್‌ಗೆ ಎದುರಾದ ಪ್ರಶ್ನೆ ಚರಂಡಿಯದಲ್ಲ. ನಗರದ ಸುತ್ತ ಉಪನಗರಗಳು ಉಂಗುರದಂತೆ ಬಿಗಿಯುತ್ತಿದ್ದವು. ಕಾಸುಳ್ಳವರು ಗಡಿಯಾಚೆ ಮನೆ ಕಟ್ಟಿ, ತೆರಿಗೆ ಅಲ್ಲಿ ಕಟ್ಟಿ, ಕೆಲಸಕ್ಕೆ ಇಲ್ಲಿಗೆ ಬರುತ್ತಿದ್ದರು. ಪಕ್ಕದ ಪ್ರದೇಶಗಳನ್ನು ಸೇರಿಸಿಕೊಳ್ಳುತ್ತ ಅವನು ನಗರದ ವಿಸ್ತೀರ್ಣವನ್ನು ಹತ್ತಿರಹತ್ತಿರ ಎರಡರಷ್ಟು ಮಾಡಿದ. ಅದಕ್ಕಿಂತ ಕಠಿಣವಾದದ್ದು ಬಣ್ಣದ ಪ್ರಶ್ನೆ. ಸೈಡಲ್ ಕಾಲದಲ್ಲಿ ಊರಿನಲ್ಲಿ ಕಪ್ಪು ಜನ ಸುಮಾರು 1,000. 1950ರಲ್ಲಿ 20,000 ದಾಟಿದರು, 1960ಕ್ಕೆ 60,000. ಬಡವರಿಗೆ ಸರ್ಕಾರಿ ಮನೆ ಕಟ್ಟಿಸುತ್ತೇನೆ ಎಂದ ಝೈಡ್ಲರ್ ಮೇಲೆ 1956ರ ಚುನಾವಣೆಯಲ್ಲಿ ಗುಸುಗುಸು ಹಬ್ಬಿತು: ದಕ್ಷಿಣದ ರಾಜ್ಯಗಳಲ್ಲಿ ಫಲಕ ಹಾಕಿಸಿ ಕಪ್ಪು ಜನರನ್ನು ಕರೆಸುತ್ತಿದ್ದಾನೆ ಎಂದು. ಶುದ್ಧ ಸುಳ್ಳು. ಗೆದ್ದರೂ ಆ ವಿಷ ಇಳಿಯಲಿಲ್ಲ. 1960ರಲ್ಲಿ ಅವನು ನಿಲ್ಲಲಿಲ್ಲ, ಮಿಲ್ವಾಕಿಯ ಸಮಾಜವಾದಿ ಪರ್ವ ಅಲ್ಲಿಗೆ ಮುಗಿಯಿತು.

ಇಲ್ಲಿ ಹಳೆಯ ಸಮಾಜವಾದಿಗಳನ್ನು ಪೂಜೆಗೆ ಕೂರಿಸುವುದು ಕಷ್ಟ. ಬರ್ಗರ್ 1902ರಲ್ಲಿ ಕಪ್ಪು ಜನರನ್ನು ಕೀಳು ಜನಾಂಗವೆಂದೇ ಬರೆದಿದ್ದ. ಕಾರ್ಮಿಕರೆಲ್ಲ ಒಂದು ಎನ್ನುವಾಗ ಅವನ ಕಣ್ಣಮುಂದೆ ಇದ್ದದ್ದು ಜರ್ಮನ್, ಪೋಲಿಷ್ ಮುಖಗಳು. ಕರಪತ್ರ ಅಷ್ಟೊಂದು ಭಾಷೆಗಳಲ್ಲಿ ಅಚ್ಚಾದರೂ ಆ ಮನೆಗಳ ಸಾಲಿಗೆ ಬರದೆ ಉಳಿದವರಿದ್ದರು. ಚರಂಡಿ ಎಲ್ಲರ ಮನೆಯದನ್ನೂ ಒಂದೇ ಕೊಳವೆಯಲ್ಲಿ ಒಯ್ದಿತು, ಬೀದಿ ಹಾಗಾಗಲಿಲ್ಲ. ಅಮೆರಿಕದಲ್ಲಿ ವರ್ಣದ ಗೆರೆ ಅತಿ ಆಳವಾಗಿ ಬಿದ್ದಿರುವ ನಗರಗಳಲ್ಲಿ ಮಿಲ್ವಾಕಿ ಇಂದಿಗೂ ಒಂದು.

ಮಿಲ್ವಾಕಿಯಲ್ಲಿ ಮುಗಿದರೂ ಸಮಾಜವಾದಿ ಮೇಯರ್‌ಗಳ ಕಥೆ ನಿಲ್ಲಲಿಲ್ಲ. 1981ರಲ್ಲಿ ವರ್ಮಾಂಟಿನ ಬರ್ಲಿಂಗ್ಟನ್ನಿನಲ್ಲಿ ಬರ್ನಿ ಸ್ಯಾಂಡರ್ಸ್ 10 ಮತಗಳಿಂದ ಮೇಯರ್ ಆದರು. ಎಂಟು ವರ್ಷ ಆಳಿದರು. ಮಾತಿನಲ್ಲಿ ಡೆಬ್ಸ್, ಕೆಲಸದಲ್ಲಿ ಹೋನ್. ಅಲ್ಲಿನ ಸರೋವರದ ದಂಡೆಯನ್ನು ಊರಿಗೆ ಉಳಿಸಿದ್ದು, ನೆಲವನ್ನು ಸಟ್ಟಾ ವ್ಯಾಪಾರದಿಂದ ಹೊರಗಿಟ್ಟು ಮನೆ ಒದಗಿಸುವ ಟ್ರಸ್ಟು ಮಾಡಿದ್ದು ಅವರ ಕಾಲದಲ್ಲೇ.

ಆಮೇಲೆ ನ್ಯೂಯಾರ್ಕ್. ಚರಂಡಿಯೆಂದು ನಕ್ಕ ಹಿಲ್‌ಕ್ವಿಟ್ ಎರಡು ಸಲ ಅಲ್ಲಿ ಮೇಯರ್ ಚುನಾವಣೆಗೆ ನಿಂತಿದ್ದ. 1917ರಲ್ಲಿ ನೂರಕ್ಕೆ 22ರಷ್ಟು ಮತ ಬಿತ್ತು, ಗೆಲುವು ಸಿಗಲಿಲ್ಲ. ಅವನಿಗೆ ಸಿಗದ ಕುರ್ಚಿಯಲ್ಲಿ 2026ರ ಜನವರಿ 1ರಿಂದ ಕೂತಿರುವವರು ಜೊಹ್ರಾನ್ ಮಮ್ದಾನಿ. ಹುಟ್ಟಿದ್ದು ಕಂಪಾಲಾದಲ್ಲಿ, ತಾಯಿ ಚಿತ್ರನಿರ್ದೇಶಕಿ ಮೀರಾ ನಾಯರ್, ತಂದೆ ವಿದ್ವಾಂಸ ಮಹಮೂದ್ ಮಮ್ದಾನಿ. ಗೆದ್ದ ರಾತ್ರಿಯ ಭಾಷಣವನ್ನು ಡೆಬ್ಸ್‌ನ ಮಾತಿನಿಂದ ತೆರೆದರು, ನಡುವೆ ನೆಹರೂ ಅವರನ್ನೂ ನೆನೆದರು. ಅವರ ಭರವಸೆಗಳು ಬಸ್ಸು ಉಚಿತ, ಬಾಡಿಗೆ ಏರಿಕೆಗೆ ತಡೆ, ಮಕ್ಕಳ ಪಾಲನೆ, ಪಾಲಿಕೆಯ ದಿನಸಿ ಅಂಗಡಿ. ದಿನಸಿ ಅಂಗಡಿ ಎಂದೊಡನೆ ಸ್ಕೆನೆಕ್ಟಡಿಯ ಪಾದ್ರಿ ನೆನಪಾಗಬೇಕು. ಶ್ರೀಮಂತರ ಮೇಲೆ ತೆರಿಗೆ ಹಾಕಲು ಆಲ್ಬನಿಯಲ್ಲಿರುವ ರಾಜ್ಯ ಶಾಸನಸಭೆಯ ಅಪ್ಪಣೆ ಬೇಕು, ಬಸ್ಸು ಓಡಿಸುವ ಸಂಸ್ಥೆಯೂ ರಾಜ್ಯದ್ದೇ. ನೂರು ವರ್ಷದಲ್ಲಿ ಬಾಗಿಲು ಬದಲಾಗಿಲ್ಲ, ತಟ್ಟುವ ಕೈ ಬದಲಾಗಿದೆ.

ಮಿಲ್ವಾಕಿಯ ಬಂದರಿನ ಮೇಲೆ 1977ರಲ್ಲಿ ಒಂದು ದೊಡ್ಡ ಕಮಾನು ಸೇತುವೆ ಸಂಚಾರಕ್ಕೆ ತೆರೆಯಿತು. ಎರಡೂ ಕಡೆ ರಸ್ತೆ ಸೇರದೆ ವರ್ಷಗಟ್ಟಲೆ ಅದು ಖಾಲಿ ನಿಂತಿದ್ದಾಗ ಎಲ್ಲಿಗೂ ಹೋಗದ ಸೇತುವೆ ಎಂದು ಊರವರು ನಗುತ್ತಿದ್ದರು. ಅದಕ್ಕೆ ಇಟ್ಟ ಹೆಸರು ಡ್ಯಾನಿಯಲ್ ಹೋನ್ ಸೇತುವೆ. ಕಾರಿನಲ್ಲಿ ಅದನ್ನು ದಾಟುವಾಗ ಕೆಳಗೆ ಸರೋವರದ ಬದಿಗೆ ಜೋನ್ಸ್ ಐಲೆಂಡಿನ ತೊಟ್ಟಿಗಳು ಕಾಣುತ್ತವೆ. ಅಲ್ಲಿ ಈಗಲೂ ಗಾಳಿ ಊದುತ್ತಿದೆ, ಚೀಲ ತುಂಬುತ್ತಿದೆ.